ಟಣ್ ಎಂದ ಇದ್ದಿಲು

ನಂಜನಗೂಡಿನ ನಮ್ಮ ಬೀದಿಯಲ್ಲಿ ಇಸ್ತ್ರಿಯವರೊಬ್ಬರಿದ್ದರು. ಎರಡು ಇದ್ದಿಲನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ, ಟಣ್ ಎಂದರೆ ಮಾತ್ರ ಇಸ್ತ್ರಿಪೆಟ್ಟಿಗೆಗೆ ಹಾಕುತ್ತಿದ್ದರು. ‘ಗಟ್ಟಿ ಮರದ್ದು ಸಾ, ನಿಧಾನಕ್ಕೆ ಉರೀತದೆ. ಆತುರ ಬ್ಯಾಡಿ’ ಎನ್ನುವರು. ಆ ‘ಆತುರ ಬ್ಯಾಡಿ’ ಎಲ್ಲಕ್ಕೂ ಅವರ ಉತ್ತರ.

ನಾನೋ, ಮುಚ್ಚಳವಿರುವ ಗ್ರಿಲ್ ಒಲೆ ಕೊಂಡು, ಕೋಳಿಯನ್ನು ನಾಲ್ಕು ಗಂಟೆ ಹೊಗೆಯಲ್ಲೇ ಬೇಯಿಸಿ ಬಡಿಸುತ್ತೇನೆಂದು ಟಿ. ನರಸೀಪುರದ ಮಾವನವರನ್ನು ಊಟಕ್ಕೆ ಕರೆದುಬಿಟ್ಟಿದ್ದೆ. ಇಸ್ತ್ರಿಯವರು ಒಂದೊಂದನ್ನೂ ತಟ್ಟಿ ಒಂದು ಚೀಲ ಜಾಲಿ ಇದ್ದಿಲು ಆರಿಸಿಕೊಟ್ಟರು. ‘ಎರಡೇ ಕೆಂಡ ಮಾಡಿ ಮೂಲೇಲಿಡಿ ಸಾ, ಉಳುದವು ತಾವಾಗೇ ಅತ್ಕತವೆ’ ಎಂದರು. ಮೂರು ವಾರ ವಿಡಿಯೊ ನೋಡಿದ ಪಂಡಿತನಿಗೆ ಇಸ್ತ್ರಿಯವರ ಪಾಠವೇ? ಇಡೀ ಚೀಲಕ್ಕೆ ಒಟ್ಟಿಗೆ ಬೆಂಕಿ ಕೊಟ್ಟೆ.

ಮುಚ್ಚಳ ತೆಗೆದಾಗ ಇದ್ದಿಲು ಯಾವುದು, ಕೋಳಿ ಯಾವುದು ಗೊತ್ತಾಗಲಿಲ್ಲ. ಮಾವನವರು ಮೊಸರನ್ನ ಉಂಡು, ‘ಚೆನ್ನಾಗಿತ್ತು’ ಎಂದು ಹೊರಟರು.

ಮರುದಿನ ಸುಟ್ಟ ಕೋಳಿಕಾಲನ್ನು ಇಸ್ತ್ರಿಯವರ ಮುಂದಿಟ್ಟು, ‘ನಿಮ್ಮ ಇದ್ದಿಲೇ ಸರಿಯಿಲ್ಲ’ ಎಂದು ಜಬರಿಸಿದೆ. ಅವರು ನಗಲಿಲ್ಲ. ಕಾಲನ್ನು ಕಿವಿಯ ಹತ್ತಿರ ಹಿಡಿದು ಒಂದು ಇದ್ದಿಲಿನಿಂದ ತಟ್ಟಿದರು.

‘ಇದೂ ಒಳ್ಳೇದೇ ಸಾ’ ಎಂದು ಅದನ್ನು ಪೆಟ್ಟಿಗೆಗೆ ಹಾಕಿಕೊಂಡು, ನನ್ನದೇ ಅಂಗಿ ಉಜ್ಜತೊಡಗಿದರು.