ವಿಮಾನ ನಿಲ್ದಾಣದ ನೀರುಗಂಟಿ

ನಾನು ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತೇನೆ ಎಂದರೆ ನಮ್ಮೂರಿನವರು ಮೊದಲು ಕೇಳುವುದು, "ಇಮಾನ್ದಲ್ಲಿ ಎಷ್ಟ್ ಸಲ ಓಗಿದ್ದೀಯವ್ವ?" ಎರಡು ಸಲ. ಎರಡೂ ಆಫೀಸಿನ ಕೆಲಸಕ್ಕೆ. ಅಷ್ಟೇನಾ ಎಂದು ಅವರ ಮುಖ ಸಣ್ಣಗಾಗುತ್ತದೆ.

ನಮ್ಮೂರು ಬೆಸಗರಹಳ್ಳಿಯಿಂದ ಒಳಗೆ, ನಡೆದರೆ ಅರ್ಧ ಗಂಟೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಮೂರು ವರ್ಷ ಮದ್ದೂರಿನ ತನಕ ಬಸ್ಸು, ಅಲ್ಲಿಂದ ಮಂಡ್ಯಕ್ಕೆ ರೈಲು, ಕೈಯಲ್ಲಿ ಬಿ.ಕಾಂ. ಪುಸ್ತಕ. ಇದನ್ನು ಜೋರಾಗಿಯೇ ಹೇಳುತ್ತೇನೆ. ಕಷ್ಟಪಟ್ಟು ಗಳಿಸಿದ್ದನ್ನು ಪಿಸುಗುಟ್ಟಿ ಹೇಳುವ ಅಭ್ಯಾಸ ನನಗಿಲ್ಲ.

ಅಪ್ಪ ನೀರುಗಂಟಿಯಾಗಿದ್ದ. ನಾಲೆಯ ತೂಬು ಎತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವ ಕೆಲಸ. ಅವನಿಗಿಂತ ಚಿಕ್ಕವರಾದ ಗದ್ದೆಯ ಒಡೆಯರು "ಏನ್ಲಾ, ತೂಬು ಎತ್ತುದ್ಯಾ?" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿಸದಷ್ಟು ದೂರ ಹೋಗಬೇಕೆಂದೇ ನಾನು ಓದಿದ್ದು.

ನಿಲ್ದಾಣದಲ್ಲಿ ನಮ್ಮ ವಿಭಾಗ ನೋಡಿಕೊಳ್ಳುವುದು ವಿಮಾನ ಬಿಟ್ಟು ಉಳಿದದ್ದನ್ನು: ಅಂಗಡಿ, ಹೋಟೆಲು, ಪಾರ್ಕಿಂಗು, ಜಾಹೀರಾತಿನ ಫಲಕ. ಅದರಲ್ಲಿ ಒಂದು ಚಿಕ್ಕ ಮಳಿಗೆಯನ್ನು ಮಹಿಳಾ ಸ್ವಸಹಾಯ ಸಂಘಗಳಿಗೆಂದು ಇಟ್ಟಿದ್ದಾರೆ. ಅರ್ಜಿಗಳು ಬರುವುದು ನನ್ನ ಮೇಜಿಗೆ; ಆಯ್ಕೆಯಾದ ಸಂಘ ಹದಿನೈದು ದಿನ ತನ್ನ ಸರಕು ಮಾರಬಹುದು. ಇದನ್ನು ಒಮ್ಮೆ ಫೋನಿನಲ್ಲಿ ಅತ್ತಿಗೆಗೆ ಹೇಳಿದ್ದೆ. ಅತ್ತಿಗೆ, ಅಂದರೆ ನಮ್ಮಣ್ಣನ ಹೆಂಡತಿ, ಊರಿನ ಹೆಂಗಸರನ್ನು ಕಟ್ಟಿಕೊಂಡು ರಾಗಿ ಹುರಿಹಿಟ್ಟು, ಚಕ್ಕುಲಿ ಮಾಡಿಸುತ್ತಾಳೆ. ಹತ್ತು ಜನರಿದ್ದ ಸಂಘದಲ್ಲಿ ನಾಲ್ವರು ಆಗಲೇ ಗಾರ್ಮೆಂಟ್ಸ್ ಬಸ್ಸು ಹತ್ತಿದ್ದರು. ಊರಾಚೆ ಮಾರುವ ದಾರಿ ಕಾಣದಿದ್ದರೆ ಉಳಿದ ಆರೂ ಜನ ಹೋಗುವವರೇ. ಈ ಮಳಿಗೆ ಅವಳಿಗೆ ಅಷ್ಟು ಮುಖ್ಯವಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಊರಿಗೆ ಹೋದಾಗ, ಚಪ್ಪಲಿ ಬಿಡುವ ಮೊದಲೇ ಅರಿಶಿನ ಹಚ್ಚಿದ ಕವರೊಂದನ್ನು ನನ್ನ ಕೈಗಿಟ್ಟಳು.

"ತಕ. ಆರ್ ಜನದ್ದೂ ಸೈನು, ಆಧಾರು, ಎಲ್ಲಾ ಅದೆ. ಗುರುವಾರ್ವೇ ರೆಡಿ ಮಾಡಿಟ್ಟಿದ್ದೆ."

"ಗುರುವಾರ್ವೇ ರೆಡಿ ಇದ್ರೆ ಕಳ್ಸೋದಲ್ವಾ ಅತ್ಗೆ? ಕಡೇ ದಿನ ನೆನ್ನೆಗೇ ಮುಗೀತು."

"ನೀನು ಬತ್ತೀಯಲ್ಲ ಅಂತ ಮಡಿಕಂಡೆ. ನಿನ್ ಕೈಗ್ ಕೊಟ್ರೆ ಆಪೀಸ್ಗೆ ಕೊಟ್ಟಂಗಲ್ವಾ? ಕಂಪ್ಯೂಟ್ರಿಗೆ ಹಾಕುದ್ರೆ ಅದು ಎಲ್ಲಿಗೋಯ್ತದೋ ಯಾರು ಕಂಡವ್ರೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅವಳದು ಪೆದ್ದುತನವಲ್ಲ. ನಮ್ಮ ಕಡೆ ಅರ್ಜಿ ಎನ್ನುವುದು ಒಂದು ಕೈಯಿಂದ ಗುರುತಿರುವ ಇನ್ನೊಂದು ಕೈಗೆ ಹೋಗುವ ವಸ್ತು. ಗುರುತಿಲ್ಲದ ಕಡೆ ಕೊಟ್ಟ ಕಾಗದಕ್ಕೆ ಉತ್ತರ ಬಂದದ್ದನ್ನು ನಮ್ಮವರು ಕಂಡಿದ್ದೇ ಕಡಿಮೆ.

"ಒಳೀಕೆ ಸೇರ್ಸ್ಬುಡು ಕಣಮ್ಮಿ. ಅಲ್ಲೆಲ್ಲಾ ನಿಮ್ದೇ ಅಲ್ವಾ?"

ನಮ್ಮದಲ್ಲ ಎಂದು ತಿಳಿಸಲು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಚಿತ್ರ ಬರೆದೆ. ನೆಲ ಸರ್ಕಾರದ್ದು. ಅದನ್ನು ದೀರ್ಘಕಾಲದ ಗುತ್ತಿಗೆಗೆ ಪಡೆದು ನಡೆಸುವುದು ನನಗೆ ಸಂಬಳ ಕೊಡುವ ಕಂಪನಿ. ಕಂಪನಿಯಲ್ಲಿ ಖಾಸಗಿಯವರಿಗೂ ಪಾಲು, ಸರ್ಕಾರಕ್ಕೂ ಪಾಲು. ಎಲ್ಲರ ಮೇಲೊಂದು ನಿರ್ದೇಶಕ ಮಂಡಳಿ. ವಿಮಾನಗಳು ಏರ್‌ಲೈನ್ಸಿನವರವು. ಅವು ಇಳಿಯಲು ಎಷ್ಟು ಶುಲ್ಕ ಎಂದು ನಿಗದಿ ಮಾಡುವುದು ಬೇರೆ ಪ್ರಾಧಿಕಾರ. ಆಕಾಶದಲ್ಲಿ ದಾರಿ ತೋರಿಸುವವರು ಮತ್ತೊಬ್ಬರು. ತಪಾಸಣೆಗೆ ನಿಲ್ಲುವವರು ಕೇಂದ್ರದ ಪಡೆ. ಬ್ಯಾಗು ಏರಿಸುವವರು, ಟ್ರಾಲಿ ಜೋಡಿಸುವವರು, ನೆಲ ಒರೆಸುವವರು ಒಂದೊಂದು ಕಂಪನಿಯವರು. ಅಂಗಡಿಯವರು ಮಾರಾಟದಲ್ಲಿ ಪಾಲು ಕೊಡುವ ಕರಾರಿನ ಮೇಲೆ ಜಾಗ ಹಿಡಿದವರು.

ಅತ್ತಿಗೆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮತ್ತೆ ನಿಮ್ ಕಂಪ್ನೀದು ಅಂತ ಅಲ್ಲಿರೋದೇನು? ಗೋಡೇನಾ?"

ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಅಪ್ಪ ಬಾಯಿ ಹಾಕಿದ. "ಸರ್ದಿ ಕಣವ್ವ. ನಾಲೆ ಸರ್ಕಾರದ್ದು, ಗದ್ದೆ ಒಡೇರ್ದು, ಬೆಳೆ ಅವರವರ್ದು. ನಂದೇನಿತ್ತು? ಯಾರ್ಗೆ ಯಾವಾಗ ಅನ್ನೋದಷ್ಟೆ. ಇವ್ಳೂ ನೀರ್ಗಂಟೀನೇ ಬುಡು."

ಅತ್ತಿಗೆ ಕಿಸಕ್ಕನೆ ನಕ್ಕಳು. ನನಗೆ ಮಾತ್ರ ಕೋಪ ನೆತ್ತಿಗೇರಿತು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಓಡಾಡುವ ನನ್ನನ್ನು ಅಪ್ಪ ಒಂದೇ ಮಾತಿನಲ್ಲಿ ಮತ್ತೆ ನಾಲೆಯ ಏರಿಯ ಮೇಲೆ ತಂದು ನಿಲ್ಲಿಸಿದ್ದ.

"ನೀರ್ಗಂಟಿ ಅಂತಾನೇ ಇಟ್ಕೊ," ಎಂದೆ ಒರಟಾಗಿ. "ಸರ್ದಿ ತಪ್ಸಿ ಯಾರಿಗೂ ಕೊಡಾಕಿಲ್ಲ. ನಮ್ಮನೆಯೋರಿಗೂ ಇಲ್ಲ."

ಅಪ್ಪ ಭೇಷ್ ಅನ್ನುತ್ತಾನೆ ಎಂದುಕೊಂಡಿದ್ದೆ. ಅವನು ಎಲೆ ಮಡಚುತ್ತ ಕೇಳಿದ, "ಸಾರಿದ್ರಾ?"

"ಏನ?"

"ಮಳಿಗೆ ಕೊಡ್ತೀವಿ, ಇಂತಾ ದಿನ ಕಡೇದು ಅಂತ ಊರೂರ್ಗೂ ಸಾರಿದ್ರಾ?"

ವೆಬ್‌ಸೈಟಿನಲ್ಲಿ ಹಾಕಿದ್ದೆವು. ಇಂಗ್ಲಿಷಿನಲ್ಲಿ. ಹಾಕಿದವಳು ನಾನೇ.

"ನಾನು ತೂಬು ಎತ್ತೋ ಹಿಂದಿನ್ ದಿನ ತಮಟೆ ಬಡ್ಕಂಡು ಕಡೇ ಗದ್ದೆಗಂಟ ಓಯ್ತಿದ್ದೆ. ತೂಬಿನ ಪಕ್ಕದೋರ್ಗೆ ಸಾರೋದೇ ಬ್ಯಾಡ, ನೀರಿನ್ ಸದ್ದೇ ಕೇಳ್ತದೆ. ಕಡೇ ಗದ್ದೆಯೋನ್ಗೆ ಗೊತ್ತಾಗ್ದೇ ಇದ್ರೆ ಅವನ್ ಸರ್ದಿ ಇದ್ರೇನು, ಬುಟ್ರೇನು?"

ನಿಯಮ ಪಾಲಿಸಿದ್ದೇನೆ ಎಂಬ ಹೆಮ್ಮೆಯಲ್ಲಿ, ನಿಯಮ ಯಾರಿಗೆ ತಲುಪಿತು ಎಂದು ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಕವರನ್ನು ಅತ್ತಿಗೆಗೆ ವಾಪಸು ಕೊಟ್ಟೆ. ಮುಂದಿನ ಸಲ ಹೇಗೆ ಹಾಕಬೇಕು ಎಂದು ಹೇಳಹೊರಟರೆ, ಅವಳು ಅದನ್ನು ಹುರಿಹಿಟ್ಟಿನ ಡಬ್ಬಿಯ ಮೇಲೆ ಎಸೆದು ಒಳಗೆ ಹೋದಳು.

ಸೋಮವಾರ ನನ್ನ ಮೇಲಧಿಕಾರಿಗೆ ಎರಡು ವಿಷಯ ಹೇಳಿದೆ. ನಮ್ಮ ಅತ್ತಿಗೆಯ ಸಂಘ ಮುಂದಿನ ಸಲ ಅರ್ಜಿ ಹಾಕಬಹುದು, ಆದ್ದರಿಂದ ಆಯ್ಕೆಯ ಕಡತ ನನ್ನ ಮೇಜಿಗೆ ಬರುವುದು ಬೇಡ. ಎರಡನೆಯದು, ಪ್ರಕಟಣೆ ಕನ್ನಡದಲ್ಲಿ ತಾಲ್ಲೂಕು ಕಚೇರಿಗಳಿಗೆ ಹೋಗಬೇಕು, ಅರ್ಜಿಯನ್ನು ಅಲ್ಲೇ ತೆಗೆದುಕೊಳ್ಳಬೇಕು.

"ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದಲ್ಲ?" ಎಂದರು.

"ಅದನ್ನು ತೆಗೆದು ನೋಡುವವರಿಗೆ ಕಾಣುತ್ತದೆ ಸರ್."

ಕಾನೂನು ವಿಭಾಗ ನೋಡಬೇಕು, ಪ್ರಚಾರ ವಿಭಾಗ ಒಪ್ಪಬೇಕು, ಮೂರು ಸಹಿ ಬೀಳಬೇಕು. ಒಂದು ಕಾಗದ ಗೋಡೆಗೆ ಅಂಟಲು ಒಂದೂವರೆ ತಿಂಗಳು ಹಿಡಿಯಿತು. ಕನ್ನಡದ ಒಕ್ಕಣೆ ನನ್ನದು. ಪ್ರತಿ ವಾಕ್ಯವನ್ನೂ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅರ್ಹತಾ ಮಾನದಂಡ ಅಂದ್ರೆ ಯಾರವ್ವ ಅದು?" ಎಂದ. ತೆಗೆದು ಹಾಕಿ, "ಯಾರು ಅರ್ಜಿ ಹಾಕಬಹುದು" ಎಂದು ಬರೆದೆ. ಕೊನೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಅದು ಗೋಡೆ ಕಂಡಿತು. ಹಿಂದೆಂದೂ ಬಾರದಷ್ಟು ಅರ್ಜಿಗಳು ಬಂದವು.

ಅತ್ತಿಗೆಯೂ ಹಾಕಿದ್ದಳು. ಮದ್ದೂರಿಗೆ ಬಸ್ಸಿನಲ್ಲಿ ಹೋಗಿ, ತಾನೇ ಕೊಟ್ಟು, ಸ್ವೀಕೃತಿ ಚೀಟಿ ಬರೆಸಿಕೊಂಡು ಬಂದಿದ್ದಳಂತೆ. ಮಳಿಗೆ ಸಿಕ್ಕಿದ್ದು ಮಳವಳ್ಳಿ ಕಡೆಯ ಒಂದು ಸಂಘಕ್ಕೆ.

ಅದು ಗೊತ್ತಾದ ದಿನವೇ ಅತ್ತಿಗೆ ಫೋನು ಮಾಡಿದಳು. "ಊರ್ಗೆಲ್ಲ ಸಾರಿ ಕರ್ದೆಯಲ್ಲ, ನೆಮ್ದಿ ಆಯ್ತಾ? ಮೊದ್ಲಿನಂಗೆ ಯಾರ್ಗೂ ಗೊತ್ತಿಲ್ದೆ ಇದ್ದಿದ್ರೆ ನಮ್ಗೇ ಸಿಕ್ತಿತ್ತು."

ಸಿಗುತ್ತಿತ್ತೇನೋ. ಆ ವಾರ ಸಂಘದ ಇನ್ನಿಬ್ಬರು ಗಾರ್ಮೆಂಟ್ಸಿಗೆ ಸೇರಿದರು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ, ಆ ಇಬ್ಬರ ಮುಖ ನೋಡಬೇಕಾದೀತೆಂದು ಎರಡು ಶನಿವಾರ ಊರಿಗೆ ಹೋಗಲಿಲ್ಲ.

ಮೂರನೆಯ ಶನಿವಾರ ಹೋದೆ. ನಡುಮನೆಯಲ್ಲಿ ನಾಲ್ವರು ಹೆಂಗಸರು ಕೂತು ಚಕ್ಕುಲಿ ಒತ್ತುತ್ತಿದ್ದರು. ಅತ್ತಿಗೆ ತಲೆಯೆತ್ತದೆ ಹೇಳಿದಳು, "ಮುಂದಿನ್ ಸಲಕ್ಕೂ ಹಾಕಿವ್ನಿ. ಸಿಕ್ತದಾ ಅಂತ ನಿನ್ನ ಕೇಳಾಕಿಲ್ಲ."

"ಕೇಳುದ್ರೂ ನಂಗೊತ್ತಿಲ್ಲ ಅತ್ಗೆ."

"ಗೊತ್ತು ಕಣಮ್ಮಿ. ಕೈ ತೊಳ್ಕೊಂಡ್ ಬಾ, ಹಿಟ್ಟು ಬಾಳ ಅದೆ."