ಬನ್ನಿಯಂತಿದ್ದ ಎಲೆ

ಇಂದು ದಸರೆ. ಮುಂಬೈಯ ಕಡಲ ದಂಡೆಯ ಸುಬಾಬುಲ್ ಗಿಡದಿಂದ ಬನ್ನಿಯಂಥದೇ ಎಲೆ ಕಿತ್ತು ತಂದ ಮಗಳು, "ಅಪ್ಪಾ, ಬನ್ನಿ ತಗೋ, ಬಂಗಾರದಂಗ ಇರೂಣು" ಎಂದಳು. ನನ್ನ ಕೈ ಮುಂದೆ ಹೋಗಲಿಲ್ಲ.

ಚಿಕ್ಕವನಿದ್ದಾಗ ಕುಷ್ಟಗಿಯಲ್ಲಿ ಒಮ್ಮೆ, ಊರಾಚೆಯ ಬನ್ನಿಗಿಡದ ತನಕ ನಡೆಯಲು ಬೇಸರವಾಗಿ, ಹಳ್ಳದ ಬಳ್ಳಾರಿ ಜಾಲಿಯ ಎಲೆಗಳನ್ನೇ ಓಣಿಗೆಲ್ಲ ಹಂಚಿದ್ದೆ. ನೋಡಲು ಎರಡೂ ಒಂದೇ. ಎಲ್ಲರೂ ಹರಸಿದರು. ಅಜ್ಜಿ ಮಾತ್ರ ಮೂಸಿ ನೋಡಿ, "ಇದು ಜಾಲಿ ಐತಿ. ಯಾರ ಮುಂದೂ ಹೇಳಬ್ಯಾಡ" ಎಂದು ಪಿಸುಗುಟ್ಟಿ, ಅದನ್ನೇ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆ ಚಳಿಗಾಲವಿಡೀ ಓಣಿಯಲ್ಲಿ ಯಾರು ಕೆಮ್ಮಿದರೂ ಸುಳ್ಳು ಬನ್ನಿ ಕೊಟ್ಟ ನನ್ನಿಂದಲೇ ಆಯಿತೆಂದು ನಡುಗುತ್ತಿದ್ದೆ.

ಮಗಳು ಕೈ ಚಾಚಿಕೊಂಡೇ ನಿಂತಿದ್ದಳು. ಎಲೆ ತೆಗೆದುಕೊಂಡು ಕಿಸೆಗೆ ಹಾಕಿಕೊಂಡೆ. "ಬಂಗಾರದಂಗ ಇರವ್ವಾ" ಎಂದೆ.

ಅಷ್ಟರಲ್ಲಿ ಒಳಗೆ ಹೆಂಡತಿ ಕೆಮ್ಮಿದಳು. ನನ್ನ ಕೈ ಕಿಸೆಯ ಎಲೆಯ ಮೇಲೆ ಹೋಯಿತು.