ಎರಡು ಬಾಗಿಲಿನ ದರ್ಜಿ

ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿರಿ. ಹಳೆಪೇಟೆಯಲ್ಲಿ ಒಬ್ಬ ದರ್ಜಿಯಿದ್ದಾನೆ. ಅವನ ಅಂಗಡಿಯ ಮುಂಬಾಗಿಲು ಪೇಟೆಬೀದಿಗೆ, ಹಿಂಬಾಗಿಲು ಆಸ್ಪತ್ರೆಯ ಓಣಿಗೆ. ನಡುವೆ ಹದಿನೆಂಟು ಹೆಜ್ಜೆ. ಅವನ ತಂದೆಯ ಕಾಲದಿಂದಲೂ ಜನ ಅಂಗಡಿಯ ಒಳಗಿಂದಲೇ ಹಾದುಹೋಗುವರು. ಕತ್ತರಿ ಹಿಡಿದ ದರ್ಜಿ ತಲೆಯೆತ್ತದೆ, ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದು, "ಜ್ವರ ಇಳೀತಾ?" ಎಂದು ವಿಚಾರಿಸುವನು. ದಾರಿ ಕೊಡುವುದೂ ದೇವರ ಸೇವೆಯೆಂಬುದು ಅವನ ನಂಬಿಕೆ.

ಹಿಂಬಾಗಿಲಿಗೆ ಎದುರಾಗಿ, ಓಣಿಯಾಚೆ, ಅವನ ಅಕ್ಕನ ಮನೆ. ಮಂಡಿನೋವಿನ ಆಕೆಗೆ ಅಷ್ಟು ದೂರ ಮಾತ್ರ ಸಾಧ್ಯ. ಬೆಳಿಗ್ಗೆ ಬಂದು ಗುಂಡಿ ಹೊಲಿಯಲು ಕುಳಿತರೆ, ಸಂಜೆಯವರೆಗೂ ಹರಟೆ, ನಗು, ತಮ್ಮನಿಗೆ ಬೈಗುಳ.

ಇಂಥಲ್ಲಿಗೆ ಪೇಟೆಯನ್ನು ಹೊಸದಾಗಿಸುವ ಯೋಜನೆ ಬಂತು. ಬೀದಿ ಅಗೆದರು, ಮುಚ್ಚಿದರು, ಏನೋ ಮರೆತೆವೆಂದು ಮತ್ತೆ ಅಗೆದರು. ಕೊನೆಗೆ ನೋಟಿಸು: ಓಣಿಯ ಅರ್ಧ ವಾಹನ ನಿಲುಗಡೆಗೆ, ಅದರ ಗೋಡೆ ದರ್ಜಿಯ ಹಿಂಬಾಗಿಲಿಗೇ ಅಂಟಿಕೊಂಡು! ಅಕ್ಕ ಇನ್ನು ಬರುವುದೆಂತು? ದರ್ಜಿ ಮೂರು ಸಲ ಯೋಜನೆಯ ಕಚೇರಿ ಹತ್ತಿಳಿದ. "ನಕ್ಷೆಯಲ್ಲಿ ಅಲ್ಲಿ ಬಾಗಿಲೇ ಇಲ್ಲವಲ್ರೀ!" ಎಂದರು ಅಲ್ಲಿಯವರು.

"ನೀನೇ ಕಣೋ ಮಾಡ್ಕೊಂಡಿದ್ದು!" ಎಂದಳು ಅಕ್ಕ. "ಅಳತೆಯವರು ಬಂದ ದಿನ, ದೊಡ್ಡೋರು ಬರ್ತಾರೆ ಅಂತ ಹಿಂಬಾಗಿಲು ಹಾಕಿ, ಅದರ ಮೇಲೆ ಹೊಸ ಕೋಟುಗಳನ್ನ ಸಾಲಾಗಿ ತೂಗುಹಾಕಿದ್ಯಲ್ಲ! ಹಿಂದೆ ಬಾಗಿಲಿದೆ ಅಂತ ಅವರಿಗೇನು ಕನಸು ಬೀಳತ್ತಾ?"

ದರ್ಜಿ ನಾಚಿ ನೀರಾದ. ತಾನು ತೋರಿದ ಮರ್ಯಾದೆಯೇ ಅಕ್ಕನಿಗೆ ಗೋಡೆಯಾಯಿತಲ್ಲ! ದೇವರ ಮುಂದೆ ತಪ್ಪೊಪ್ಪಿಕೊಂಡ. ಅಂದಿನಿಂದ ಆ ಬಾಗಿಲಿಗೆ ಅಗುಳಿ ಹಾಕಲಿಲ್ಲ.

ಒಂದು ಬೆಳಿಗ್ಗೆ ಗೋಡೆಗೆ ಗುರುತು ಹಾಕಲು ಇಂಜಿನಿಯರಮ್ಮ ಬಂದಳು. ಬೀದಿಯ ಕಡೆ ಅಳೆದು, ಓಣಿಯನ್ನು ಅಳೆಯಲು ನಕ್ಷೆ ನೋಡುತ್ತ ಸರಸರನೆ ಹೊರಟಳು. "ಮೇಡಂ, ಒಳಗಿಂದ..." ಎಂದು ದರ್ಜಿ ಕೂಗುವಷ್ಟರಲ್ಲಿ ತಿರುವು ದಾಟಿದ್ದಳು. ಅಗೆದ ಗುಂಡಿ ಹಾರಿ, ಮಣ್ಣುಗುಡ್ಡೆ ಹತ್ತಿ, ಅರ್ಧ ಗಂಟೆ ಸುತ್ತಿ ಓಣಿಗೆ ಬಂದಾಗ ಕಾಲೆಲ್ಲ ಕೆಸರು, ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಎದುರಿಗೆ ನೀರಿನ ಲೋಟ ಹಿಡಿದು ಅದೇ ದರ್ಜಿ!

"ನೀವು ಇಲ್ಲಿಗೆ ಹೇಗೆ ಬಂದ್ರಿ?"

"ಹದಿನೆಂಟು ಹೆಜ್ಜೆ, ಮೇಡಂ."

"ಒಳಗೆ ಬಾಮ್ಮ, ಕೂತ್ಕೋ. ಚಪ್ಪಲಿ ಕೊಡು ಇತ್ಲಾಗೆ," ಎಂದಳು ಅಂಗಡಿಯೊಳಗಿಂದ ಅಕ್ಕ. "ಕೋಟಿನ ದಾರ ಇದು. ನಿಮ್ಮ ರಸ್ತೆಗಿಂತ ಜಾಸ್ತಿ ದಿನ ಬಾಳತ್ತೆ."

ಆಕೆ ಪಟ್ಟಿ ಹೊಲಿದು ಮುಗಿಸುವುದರೊಳಗೆ ಒಬ್ಬ ನರ್ಸು, ಔಷಧಿಯ ಚೀಟಿ ಹಿಡಿದ ಒಬ್ಬ ಅಜ್ಜ, ತಲೆಯ ಮೇಲೆ ತೊಟ್ಟಿಲು ಹೊತ್ತ ಬಡಗಿ, ಎಲ್ಲರೂ ಅಂಗಡಿಯ ನಡುವೆಯೇ ಹಾದುಹೋದರು.

"ಇದೇನು ಅಂಗಡಿನಾ, ಬೀದಿನಾ?" ಇಂಜಿನಿಯರಮ್ಮನಿಗೆ ನಗು ತಡೆಯಲಾಗಲಿಲ್ಲ.

"ತಪ್ಪು ನಂದೇ, ಮೇಡಂ. ಅಳತೆಯವರು ಬಂದ ದಿನ ನಾನೇ ಈ ಬಾಗಿಲು ಮರೆಮಾಡಿದ್ದೆ," ಎಂದ ದರ್ಜಿ ಕೈಮುಗಿದು.

ಇಂಜಿನಿಯರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ಅವನ ಸೀಮೆಸುಣ್ಣದಿಂದಲೇ ಅಲ್ಲೊಂದು ಬಾಗಿಲು ಬರೆದಳು. ಕಚೇರಿಯಲ್ಲಿ ವಾದಿಸಿ ಗೆದ್ದಳು. ಗೋಡೆ ಎದ್ದಿತು ನಿಜ. ಆದರೆ ಹಿಂಬಾಗಿಲಿನ ಎದುರು ಬಡಗಿಯ ತೊಟ್ಟಿಲೂ ದಾಟುವಷ್ಟು ತೆರಪು ಬಿಟ್ಟು. ಅಕ್ಕ ಈಗಲೂ ಗುಂಡಿ ಹೊಲಿಯುತ್ತಾಳೆ, ಈಗಲೂ ಬೈಯುತ್ತಾಳೆ. ಇಂಜಿನಿಯರಮ್ಮ ಹಾದುಹೋದರೆ ದರ್ಜಿ ತಲೆಯೆತ್ತದೆ ಕೇಳುವನು: "ಚಪ್ಪಲಿ ಗಟ್ಟಿಯಿದೆಯಾ, ಮೇಡಂ?"

ಪ್ರಿಯರೇ, ದೊಡ್ಡವರು ಬರುವರೆಂದು ನಿಮ್ಮ ಬಾಗಿಲನ್ನು ಕೋಟುಗಳಿಂದ ಮುಚ್ಚಬೇಡಿರಿ. ಇದ್ದಂತೆಯೇ ತೆರೆದಿಡಿರಿ, ಹಾದುಹೋಗುವವರನ್ನು, ಜ್ವರ ಇಳಿಯಿತೇ ಎಂದು ಒಂದು ಮಾತು ಕೇಳಿರಿ.